ಹಲಗೆಗೆ ಇನ್ನು ತಿಂಗಳ ಲೆಕ್ಕವಿಲ್ಲ, ತೇವದ ಲೆಕ್ಕ

ಉಡುಪಿ

ಮಾನ್ಯ ಗ್ರಾಹಕರೇ,

ತೋಟದ ಹಲಸು, ಹೆಬ್ಬಲಸು, ಮಾವು, ತೇಗ ಕಡಿಸಿ ನಮ್ಮ ಮಿಲ್ಲಿನಲ್ಲಿ ಕೊಯ್ಯಿಸುವವರಿಗೂ, ನಮ್ಮಿಂದ ಹಲಗೆ ಕೊಳ್ಳುವವರಿಗೂ ಈ ಪತ್ರ. ಇಷ್ಟರವರೆಗೆ ಬಿಲ್ಲಿನಲ್ಲಿ “ಆರು ತಿಂಗಳು ಒಣಗಿದ್ದು”, “ವರ್ಷದ್ದು” ಎಂದು ಬರೆದು ಕೊಡುತ್ತಿದ್ದೆವು. ಬರುವ ದೀಪಾವಳಿಯಿಂದ ಹಾಗೆ ಬರೆಯುವುದಿಲ್ಲ. ಹಲಗೆ ಇಲ್ಲಿಂದ ಹೊರಡುವ ದಿನ ಅದರೊಳಗಿನ ತೇವ ಶೇಕಡಾ ಎಷ್ಟು ಎಂದು ನಿಮ್ಮೆದುರೇ ಅಳೆದು ಆ ಅಂಕಿಯನ್ನು ಬರೆಯುತ್ತೇವೆ. ಇನ್ನೊಂದು ಬದಲಾವಣೆ, ಸ್ವಂತ ಮರ ತರುವವರಿಗೆ: ಕೊಯ್ದ ಮರುದಿನದೊಳಗೆ ಹಲಗೆ ಒಯ್ಯಬೇಕು, ಇಲ್ಲವಾದರೆ ನಾವು ಶೆಡ್ಡಿನಲ್ಲಿ ಹಲಗೆಗಳ ನಡುವೆ ರೀಪು (ಮರದ ಪಟ್ಟಿ) ಕೊಟ್ಟು, ಗಾಳಿ ಆಡುವಂತೆ ಅಟ್ಟಿ ಕಟ್ಟುತ್ತೇವೆ, ಅದಕ್ಕೆ ಘನ ಅಡಿಗೆ ತಿಂಗಳಿಗೆ 15 ರೂಪಾಯಿ ಬಾಡಿಗೆ. ಅಂಗಳದಲ್ಲಿ ಒಂದರ ಮೇಲೊಂದು ಹೇರಿಟ್ಟು “ಬರುವ ವಾರ ಬರುತ್ತೇವೆ” ಎನ್ನುವ ಕ್ರಮ ಇನ್ನಿಲ್ಲ.

ನಮ್ಮ ಕರಾವಳಿಯಲ್ಲಿ ತಿಂಗಳ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. ಮರ ಸುತ್ತಲಿನ ಗಾಳಿಗೆ ತಕ್ಕಷ್ಟೇ ಒಣಗುತ್ತದೆ. ಗಾಳಿಯ ಆರ್ದ್ರತೆ ಶೇ. 65 ಇದ್ದರೆ ಮರದ ತೇವ ಶೇ. 12ರ ಹತ್ತಿರ ಬಂದು ನಿಲ್ಲುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಶೇ. 90ರ ಗಾಳಿಯಲ್ಲಿ 20ರ ಆಸುಪಾಸಿಗೇ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಕೊಯ್ದು ಸರಿಯಾಗಿ ಅಟ್ಟಿ ಹಾಕಿದ ಒಂದಿಂಚಿನ ಹಲಸಿನ ಹಲಗೆ ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ 15ಕ್ಕೆ ಇಳಿದಿರುತ್ತದೆ. ಅದೇ ಹಲಗೆಯನ್ನು ಜೂನಿನಲ್ಲಿ ಕೊಯ್ದರೆ ನವರಾತ್ರಿಗೂ ಹಸಿಯೇ. ಎರಡಿಂಚಿನದಂತೂ ಒಂದು ಬೇಸಗೆಯಲ್ಲಿ ಒಣಗುವುದೇ ಇಲ್ಲ. ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಹೆಚ್ಚೇ ಹಿಡಿಯುತ್ತದೆ.

ಈ ಅಂಕಿಗೆ ಬೆಲೆ ಇರುವುದು ಬಾಗಿಲು ಕೂರಿಸುವಾಗ. ಅಡ್ಡಕೊಯ್ತದ (ಮರದ ಉಂಗುರಗಳು ಹಲಗೆಯ ಅಗಲದ ಉದ್ದಕ್ಕೂ ಬರುವಂತೆ ಕೊಯ್ದ), ಒಂದಡಿ ಅಗಲದ ತೇಗದ ಹಲಗೆ 20ರಿಂದ 12ಕ್ಕೆ ಇಳಿಯುವಾಗ ಅಗಲದಲ್ಲಿ ಸುಮಾರು 5 ಮಿಲಿಮೀಟರ್ ಕುಗ್ಗುತ್ತದೆ. ಮಳೆಗಾಲದಲ್ಲಿ ಮಾಡಿದ ಬಾಗಿಲಿನ ಸಂದು ಫೆಬ್ರವರಿಯಲ್ಲಿ ಬಿಡುವುದು, ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ್ದು ಜುಲೈಯಲ್ಲಿ ಚೌಕಟ್ಟಿಗೆ ಹಿಡಿಯುವುದು ಎರಡಕ್ಕೂ ಕಾರಣ ಇದೇ. ಬಡಗಿಯ ತಪ್ಪು ಕಡಿಮೆ. ನಮ್ಮ ಊರಿನ ಬಾಗಿಲು ಕಿಟಕಿಗೆ 13ರಿಂದ 15 ಸರಿ. ಎ.ಸಿ. ಹಾಕುವ ಕೋಣೆಯ ಕಪಾಟಿಗೆ 10ರಿಂದ 12 ಬೇಕು, ಅದು ಹೊರಗಿನ ಗಾಳಿಯಲ್ಲಿ ಆಗುವಂಥದ್ದಲ್ಲ. ಅದಕ್ಕೆಂದೇ ತೇವ ಹೀರುವ ಯಂತ್ರ ಇಟ್ಟು ಒಂದು ಮುಚ್ಚಿದ ಕೋಣೆ ಮಾಡಿದ್ದೇವೆ. ಅಟ್ಟಿಯಲ್ಲಿ 25ಕ್ಕಿಂತ ಕೆಳಗೆ ಇಳಿದ ಒಂದಿಂಚಿನ ಹಲಗೆ ಮಾತ್ರ ಅದರೊಳಗೆ ಹೋಗುತ್ತದೆ, ಎರಡು ಮೂರು ವಾರ ಹಿಡಿಯುತ್ತದೆ. ಹಸಿಯನ್ನೇ ತುರುಕಿದರೆ ಮೇಲ್ಪದರ ಬೇಗ ಒಣಗಿ ಬಿರಿಯುತ್ತದೆ.

ಮನೆಯಲ್ಲೇ ಒಣಗಿಸುವವರು ಮೊದಲು ಹಲಗೆಯ ಎರಡೂ ತುದಿಗೆ ಎಣ್ಣೆ ಪೈಂಟನ್ನೋ ಕರಗಿಸಿದ ಮೇಣವನ್ನೋ ಎರಡು ಕೋಟು ಬಳಿಯಬೇಕು, ಕೊಯ್ದ ದಿನವೇ. ತುದಿಯಿಂದ ನೀರು ಬೇಗ ಹೊರಟುಹೋಗುವುದರಿಂದ ಅಲ್ಲೇ ಸೀಳು ಬಿಡುವುದು. ಸೀಳು ಬಿಟ್ಟ ಮೇಲೆ ಬಳಿದು ಪ್ರಯೋಜನವಿಲ್ಲ. ಅಟ್ಟಿಯ ಅಡಿಗೆ ಒಂದೂವರೆ ಅಡಿ ಎತ್ತರಕ್ಕೆ ಕಾಂಕ್ರೀಟ್ ಬ್ಲಾಕ್ ಇಡಿ. ಕೆಂಪುಕಲ್ಲೇ ಇರುವುದಾದರೆ ಅದು ನೆಲದ ನೀರನ್ನು ಮೇಲಕ್ಕೆ ಎಳೆಯುವುದರಿಂದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಹಲಗೆಗಳ ನಡುವೆ ಒಂದಿಂಚು ಚೌಕದ ರೀಪು, ಒಂದೂವರೆ ಅಡಿಗೊಂದು, ತುದಿಗೆ ತಾಗಿ ಒಂದೊಂದು. ಕೆಳಗಿನ ಸಾಲಿನ ರೀಪಿನ ನೇರಕ್ಕೇ ಮೇಲಿನದ್ದೂ ಬರಬೇಕು. ಎರಡಿಂಚು ಆಚೀಚೆ ಆದರೂ ಮೇಲಿನ ಭಾರ ಹಲಗೆಯ ಮೇಲೆ ಬಿದ್ದು, ಬಾಗಿದ ಹಾಗೆಯೇ ಅದು ಒಣಗುತ್ತದೆ. ರೀಪು ಒಣಗಿದ್ದೇ ಆಗಿರಲಿ. ಹಸಿ ರೀಪು ಹಾಕಿದರೆ ಪ್ರತಿ ಹಲಗೆಯ ಮೇಲೂ ಕಪ್ಪು ಅಡ್ಡಗೆರೆ ಉಳಿಯುತ್ತದೆ, ಉಜ್ಜಿದರೂ ಪೂರ್ತಿ ಹೋಗದು. ಅಟ್ಟಿಯ ಅಗಲ ನಾಲ್ಕಡಿ ದಾಟಬಾರದು. ತಲೆಯ ಮೇಲೆ ಐದಾರು ಬ್ಲಾಕಿನ ಭಾರ ಇರಲಿ.

ಜಾಗ ಯಾವುದು? ಟೆರೇಸಿನ ಶೀಟಿನಡಿ ಒಳ್ಳೆಯದೇ, ಪಡುವಣ ಬಿಸಿಲು ನೇರ ಬೀಳದಿದ್ದರೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಬೇಡಿ. ಮೇಲಿನ ಮುಖ ಬೇಗ ಒಣಗಿ, ಅಡಿಯದ್ದು ಹಸಿಯೇ ಉಳಿದು, ಮೂರೇ ದಿನಕ್ಕೆ ಹಲಗೆ ಮರಿಗೆಯ ಹಾಗೆ ಡೊಂಕಾಗುತ್ತದೆ. ಹಸಿ ಹಲಗೆಗೆ ಟಾರ್ಪಾಲು ಸುತ್ತುವುದು ಇದಕ್ಕಿಂತ ಕೆಟ್ಟದ್ದು, ಒಂದೇ ವಾರದಲ್ಲಿ ಬೂಷ್ಟು. ಮೇಲೆ ಮಾಡು (ಸೂರು) ಇರಲಿ, ನಾಲ್ಕೂ ಬದಿ ಗಾಳಿ ಆಡಲಿ.

ಹಲಸಿನ ಹಳದಿ ಚೇಗಿಗೆ ಹುಳದ ಕಾಟ ಕಡಿಮೆ. ಹೊರಗಿನ ಬಿಳಿ ಭಾಗ ಮತ್ತು ಇಡೀ ಮಾವು ಕುಟ್ಟೆಹುಳಕ್ಕೆ ಪ್ರಿಯ. ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡುವ ಹಳೆಯ ಕ್ರಮದಲ್ಲಿ ಅರ್ಥವಿದೆ, ಹುಳದ ಆಹಾರವಾದ ಸಕ್ಕರೆ ಪಿಷ್ಟ ನೀರಿಗೆ ಬಿಟ್ಟುಹೋಗುತ್ತದೆ. ಕೆರೆ ಇಲ್ಲದವರು 100 ಲೀಟರ್ ಬೆಚ್ಚಗಿನ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ, ಹಲಗೆ ಹಸಿ ಇರುವಾಗಲೇ ಒಂದು ರಾತ್ರಿ ಮುಳುಗಿಸಿ. ಮಳೆ ತಾಗುವ ಜಾಗಕ್ಕೆ ಇದು ನಡೆಯದು, ತೊಳೆದುಹೋಗುತ್ತದೆ. ರಬ್ಬರ್ ಮರವನ್ನು ನಾವು ಕೊಯ್ಯುವುದಿಲ್ಲ. ಕಡಿದ ಕೆಲವೇ ದಿನಕ್ಕೆ ನೀಲಿಗಟ್ಟುವ ಆ ಮರಕ್ಕೆ ಒತ್ತಡದಲ್ಲಿ ಮದ್ದು ಹಾಕುವ ಘಟಕವೇ ಬೇಕು.

ಪತ್ತನಾಜೆಗೆ 15ಕ್ಕೆ ಬಂದ ಹಲಗೆಯ ರೀಪು ತೆಗೆಯಿರಿ. ಹಲವರು ಇದಕ್ಕೆ ಒಪ್ಪುವುದಿಲ್ಲ, ಆದರೆ ಮಳೆಗಾಲದಲ್ಲಿ ಒಳಗೆ ಆಡುವ ಗಾಳಿ ತೇವವನ್ನೇ ತರುವುದು. ಮುಚ್ಚಿದ ಕೋಣೆಯೊಳಗೆ, ನೆಲದಿಂದ ಎತ್ತರದಲ್ಲಿ, ಸಂದಿಲ್ಲದಂತೆ ಒತ್ತಾಗಿ ಜೋಡಿಸಿ ಪ್ಲಾಸ್ಟಿಕ್ ಹೊದಿಸಿ. ನವರಾತ್ರಿ ಕಳೆದ ಮೇಲೆ ಮತ್ತೆ ರೀಪು.

ಅಳತೆಯ ವಿಷಯ. ತೇವ ಅಳೆಯುವ ಸೂಜಿಯ ಮೀಟರನ್ನು ಹಲಗೆಯ ಮೇಲ್ಮೈಗೆ ಚುಚ್ಚಿ ಕೊಡುವ ಅಂಕಿಯನ್ನು ಯಾರು ಕೊಟ್ಟರೂ ನಂಬಬೇಡಿ, ನಾವು ಕೊಟ್ಟರೂ. ಮೇಲೆ 13 ತೋರಿಸುವ ಎರಡಿಂಚಿನ ಹಲಗೆಯ ಒಳಗೆ 22 ಇರುವುದುಂಟು. ತುದಿಯಿಂದ ಒಂದಡಿ ಒಳಗೆ ಕತ್ತರಿಸಿ, ಹೊಸ ಕೊಯ್ತದ ನಡುವಿಗೆ ಚುಚ್ಚಬೇಕು. 30ಕ್ಕಿಂತ ಮೇಲಿನ ಅಂಕಿಗೆ ಬೆಲೆ ಕೊಡಬೇಡಿ. ಬೋರಾಕ್ಸ್ ಹಾಕಿದ ಮರದಲ್ಲಿ ಮೀಟರು ಸ್ವಲ್ಪ ಹೆಚ್ಚೇ ತೋರಿಸುತ್ತದೆ. ತಕರಾರು ಬಂದರೆ ತುಂಡು ತೂಗಿ, ಒವನ್‌ನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುತ್ತೇವೆ. 420 ಗ್ರಾಂ ಇದ್ದದ್ದು 350ಕ್ಕೆ ಬಂದರೆ, ಹೋದ 70ನ್ನು ಒಣ ತೂಕವಾದ 350ರಿಂದ ಭಾಗಿಸಿ, ತೇವ ಶೇ. 20. ಬಿಲ್ಲಿನ ಅಂಕಿಗಿಂತ 2ಕ್ಕಿಂತ ಹೆಚ್ಚು ಬಂದರೆ ಹಲಗೆ ವಾಪಸು ತೆಗೆದುಕೊಳ್ಳುತ್ತೇವೆ. ಆದರೆ ಒಯ್ದ ಏಳು ದಿನದೊಳಗೆ ತಿಳಿಸಬೇಕು, ಮಳೆಗಾಲದಲ್ಲಿ ಮೂರು ದಿನ.

ಈಗಾಗಲೇ ನಮ್ಮ ಅಂಗಳದಲ್ಲಿ ಹಲಗೆ ಇಟ್ಟಿರುವವರು ದೀಪಾವಳಿಯೊಳಗೆ ಬಂದು ಒಯ್ಯಬೇಕು, ಇಲ್ಲವೇ ಶೆಡ್ಡಿಗೆ ಹಾಕಲು ಹೇಳಬೇಕು. ಮೊದಲ ತಿಂಗಳ ಬಾಡಿಗೆ ಇಲ್ಲ. ಒಯ್ಯುವವರಿಗೆ ಬೇಕಾದಷ್ಟು ಒಣ ರೀಪನ್ನು ಪುಕ್ಕಟೆ ಕೊಡುತ್ತೇವೆ.

ಇಂತು,
ನಿಮ್ಮ ಮರದ ಮಿಲ್ಲಿನವರು