ನಾಯಿಬಂಡಿ ಸಾಮಿ ಜನರದ್ದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಫಿನ್‌ಲೆಂಡ್ ಪ್ರವಾಸದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ 'ಸಾಮಿ ಜನರ ಸಾಂಪ್ರದಾಯಿಕ ನಾಯಿಬಂಡಿ' ಅಂತ ಬರೆದದ್ದು ತಪ್ಪು. ಸಾಮಿಗಳು ಅಂದರೆ ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳು. ಅವರ ಬಂಡಿ ಎಳೆದದ್ದು ಹಿಮಸಾರಂಗ. ಅವರ ಹತ್ತಿರ ನಾಯಿಗಳೂ ಇವೆ, ಆದರೆ ಅವು ಹಿಂಡು ಕಾಯುವ ನಾಯಿಗಳು. ಬಂಡಿ ಎಳೆಯುವ ಹಸ್ಕಿ ನಾಯಿಗಳ ಮೂಲ ಸೈಬೀರಿಯಾ, ಅಲಾಸ್ಕಾ ಕಡೆ. ಫಿನ್‌ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲೆಂಡಿನಲ್ಲಿ ಈಗ ಅವು ಓಡುವುದು ಹೆಚ್ಚಾಗಿ ನಮ್ಮಂಥ ಪ್ರವಾಸಿಗರಿಗಾಗಿ.

ಹೋದ ಚಳಿಗಾಲದಲ್ಲಿ ಮಗ, ಸೊಸೆ ಜೊತೆ ನಾವಿಬ್ಬರೂ ಅಲ್ಲಿನ ರೊವಾನಿಯೆಮಿ ಊರಿಗೆ ಹೋಗಿದ್ದೆವು. ನಾಯಿಬಂಡಿ ಖುಷಿ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ಹೊರಡುವ ಮೊದಲು ನಾಯಿಗಳದ್ದು ಕಿವಿ ಗುಂಯ್‌ಗುಡುವಷ್ಟು ಗಲಾಟೆ. ಹಗ್ಗ ಬಿಚ್ಚಿದ ಕೂಡಲೇ ಗಪ್‌ಚಿಪ್, ಓಟವೊಂದೇ. ಓಡುತ್ತಲೇ ಹೇಲುತ್ತವೆ, ಬಂಡಿಯಲ್ಲಿ ಕೂತವರ ಮೂಗಿಗೆ ನೇರ! ಹಿಂದೆ ನಿಂತ ಮಗ ಬ್ರೇಕ್ ಮೇಲಿನ ಕಾಲು ತೆಗೆಯಲೇ ಇಲ್ಲ.

ಬೇಸರವಾದದ್ದು ಆಮೇಲೆ. ಗುಡಾರದೊಳಗೆ 'ಸಾಮಿ ಸಂಸ್ಕೃತಿ' ಅಂತ ಒಂದು ಕಾರ್ಯಕ್ರಮ. ನೀಲಿ, ಕೆಂಪು ಅಂಗಿ ತೊಟ್ಟ ಹುಡುಗ ಡೋಲು ಬಾರಿಸಿ ನಮ್ಮ ಹಣೆಗೆ ಮಸಿ ಹಚ್ಚಿದ. ಯಾವೂರಪ್ಪ ಅಂತ ಕೇಳಿದರೆ, ಸೀಸನ್ ಕೆಲಸಕ್ಕೆ ದಕ್ಷಿಣದಿಂದ ಬಂದವನಂತೆ. ಸಾಮಿ ಅಲ್ಲವೇ ಅಲ್ಲ. ಫಿನ್‌ಲೆಂಡ್ ಕಾನೂನು ಗುರುತಿಸಿದ ಸಾಮಿ ನಾಡು ಶುರುವಾಗುವುದೂ ರೊವಾನಿಯೆಮಿಯಿಂದ ಬಹಳ ಉತ್ತರಕ್ಕೆ.

ನಮ್ಮೂರು ಉಡುಪಿ ಕಡೆ. ಇಲ್ಲಿ ಮುಂಬಯಿಯಲ್ಲಿ ಯಾರಾದರೂ ಮುಖಕ್ಕೆ ಅರದಾಳ ಬಳಿದು, ಅಣಿ ಕಟ್ಟಿಕೊಂಡು ದೈವದ ವೇಷದಲ್ಲಿ ಫ್ಯಾನ್ಸಿ ಡ್ರೆಸ್‌ಗೆ ಬಂದರೆ ನಾವು ತುಳುವರು ಸುಮ್ಮನಿರುತ್ತೇವಾ? ಸಾಮಿಗಳಿಗೂ ಅದೇ ಸಿಟ್ಟು. ಅವರ ಉಡುಪು ನೋಡಿದರೆ ಯಾವ ಕಡೆಯವರು, ಯಾವ ಮನೆತನ ಅಂತ ತಿಳಿದವರಿಗೆ ಗೊತ್ತಾಗುತ್ತದೆ. ಅದನ್ನು ಬೇರೆಯವರು ತೊಟ್ಟು ಪ್ರವಾಸಿಗರ ಮುಂದೆ ಕುಣಿಯಬಾರದು ಅನ್ನುವುದು ಅವರ ಹಳೆಯ ದೂರು. ಫಿನ್‌ಲೆಂಡಿನ ಸಾಮಿ ಸಂಸತ್ತು (ಸಾಮಿಗಳೇ ಆರಿಸುವ ಮಂಡಳಿ) 2018ರಲ್ಲಿ ಪ್ರವಾಸೋದ್ಯಮಕ್ಕೆಂದೇ ಮಾರ್ಗಸೂಚಿಗಳನ್ನು ಹೊರಡಿಸಿತು.

ನಾವು ಹಟ ಹಿಡಿದು 300 ಕಿ.ಮೀ.ಗೂ ಜಾಸ್ತಿ ದೂರದ ಇನಾರಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಸಾಮಿ ಸಂಸತ್ತಿದೆ, ಸೀಡಾ ಅನ್ನುವ ಅವರದೇ ಮ್ಯೂಸಿಯಂ ಇದೆ. ಚಳಿಗಾಲದಲ್ಲಿ ಸಾಮಿಗಳು ಸಾಕುವ ಸಾರಂಗಗಳು ಹಿಮ ಕೆದರಿ ಕೆಳಗಿನ ಕಲ್ಲುಹೂವು ತಿನ್ನುತ್ತವೆ. ಈಗೀಗ ನಡುಚಳಿಗಾಲದಲ್ಲೇ ಮಳೆ ಬರುತ್ತದೆ. ಆ ನೀರು ಗಟ್ಟಿ ಮಂಜುಗಡ್ಡೆಯಾದರೆ ಕೆದರಿದರೂ ಮೇವು ಸಿಗುವುದಿಲ್ಲ. ಅಂಥ ಹೊತ್ತಲ್ಲಿ ನಾಯಿಬಂಡಿಗೆ ಬೆದರಿ ಹಿಂಡು ಚದುರಿದರೆ ಸಾಕುವವರ ಪಾಡು ಏನು? ಬಂಡಿಗೆ ದಾರಿ ಎಲ್ಲಿ ಅಂತ ಅವರನ್ನು ಕೇಳಿಯೇ ಗೊತ್ತುಮಾಡಬೇಕು ಅಲ್ವಾ?

ಪುರವಣಿಯಲ್ಲಿ ದಯವಿಟ್ಟು ತಿದ್ದುಪಡಿ ಹಾಕಿ. ದಾದರ್, ಠಾಣೆಯ ಟೂರ್ ಕಂಪನಿಗಳಲ್ಲಿ ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲೇ, ಕಾರ್ಯಕ್ರಮ ನಡೆಸುವವರು ಸಾಮಿಗಳೇನಾ ಅಂತ ಕೇಳಿ. ಸಾಧ್ಯವಾದರೆ ಫೆಬ್ರವರಿ 6ಕ್ಕೆ ಅಲ್ಲಿರುವಂತೆ ಹೋಗಿ. 1917ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮೊದಲ ದೊಡ್ಡ ಸಭೆ ಸೇರಿದ ನೆನಪಿಗೆ ಸಾಮಿಗಳು ಆ ದಿನ ಹಬ್ಬ ಮಾಡುತ್ತಾರೆ. ಎಷ್ಟು ಸಾರಂಗ ಇಟ್ಟಿದ್ದೀರಿ ಅಂತ ಮಾತ್ರ ಕೇಳಬೇಡಿ, ಅದು ಅವರ ಆಸ್ತಿ ಲೆಕ್ಕ ಕೇಳಿದ ಹಾಗೆ. ಸಸ್ಯಾಹಾರಿಗಳು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳಿ.

- ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ ಪೂರ್ವ