ಕಲೆಯ ಅವಧಿ ಕಲೆಗೇ ಇರಲಿ

ಪರೀಕ್ಷೆ ಹತ್ತಿರವಾದಂತೆ ಚಿತ್ರಕಲೆ, ಸಂಗೀತದ ಅವಧಿಗಳನ್ನು ಗಣಿತ, ವಿಜ್ಞಾನದ ಪುನರಾವರ್ತನೆಗೆ ಬಿಟ್ಟುಕೊಡುವ ಶಾಲೆಗಳ ರೂಢಿ ಸರಿಯಲ್ಲ. ಚುಕ್ಕಿ ರಂಗೋಲಿ ಬಿಡಿಸುವ ಮಗು ಸಮಮಿತಿಯನ್ನು ಕೈಯಿಂದಲೇ ಕಲಿಯುತ್ತದೆ. ಕರ್ನಾಟಕ ಸಂಗೀತದ ಆದಿತಾಳದ 8 ಅಕ್ಷರಗಳಲ್ಲಿ, ಅಂದರೆ ಎಣಿಕೆಗಳಲ್ಲಿ (4+2+2), ಸರಳೆವರಸೆ ಎಂಬ ಆರಂಭದ ಸ್ವರಪಾಠವನ್ನು ಎರಡು, ನಾಲ್ಕು ಪಟ್ಟು ವೇಗದಲ್ಲಿ ಹಾಡಿದಾಗ ಅರ್ಧ, ಕಾಲು ಎಂಬುದು ಕಿವಿಗೇ ತಿಳಿಯುತ್ತದೆ. ಆದರೆ ಕರಿಹಲಗೆಯ ಮೇಲಿನ ಮಾವಿನಹಣ್ಣನ್ನು ನಕಲು ಮಾಡಿಸಿದರೆ ಪ್ರಯೋಜನವಿಲ್ಲ, ಹಣ್ಣನ್ನೇ ಎದುರಿಗಿಟ್ಟು ನೋಡಿಸಬೇಕು. 40 ನಿಮಿಷದ ಅವಧಿಯಾದರೆ ಬಣ್ಣ ಕಲಸಿ ಕುಂಚ ತೊಳೆಯುವಷ್ಟರಲ್ಲೇ ಗಂಟೆ ಹೊಡೆಯುತ್ತದೆ!

6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರೆಕಾಲಿಕ ಕಲಾ ಬೋಧಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಶಿಕ್ಷಣ ಇಲಾಖೆ ಅವರನ್ನು ನೇಮಿಸಿ, ವಾರಕ್ಕೊಮ್ಮೆ ಎರಡು ಅವಧಿಗಳನ್ನು ಜೋಡಿಸಿ ಕಲೆಗೆ ಮೀಸಲಿಡಲಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಹಾವೇರಿ