ಜ್ವರ ಬಿಟ್ಟ ಮೇಲೆ ಟ್ರ್ಯಾಕಿಗೆ ಇಳಿಯುವ ಮುಂಚೆ

ಪ್ರೀತಿಯ ಪುಟ್ಟಿ,

ಡೆಂಗಿ ಬಿಟ್ಟು ಹಾಸ್ಟೆಲಿಗೆ ಹೋದ ಮರುದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆಯಂತೆ, ಇಳಿಯುವಾಗಲೂ ಓಡಿಕೊಂಡೇ ಇಳಿದೆಯಂತೆ. ಈಗ ಮೊಣಕಾಲಿನ ಕೆಳಗೆ ನೋವು ಅಂತ ನಿಮ್ಮಮ್ಮ ಹೇಳಿದಳು. ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಮ್ಮ" ಅಂದು ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ಪಿಟಿ ಟೀಚರಾಗಿ ನಾನು ಕಂಡಿದ್ದು ಇಷ್ಟು. ದಿನಾ ಬಂದು ಓಡುವ ಮಕ್ಕಳಿಗಿಂತ, ಪರೀಕ್ಷೆ, ಜ್ವರ, ರಜೆ ಅಂತ ಬಿಟ್ಟು ಮತ್ತೆ ಬಂದ ಮಕ್ಕಳೇ ಜಾಸ್ತಿ ಕುಂಟುತ್ತಿದ್ದರು. ಯಾಕೆ ಗೊತ್ತಾ? ಪ್ರಾಕ್ಟೀಸ್ ನಿಂತಾಗ ಎಲ್ಲವೂ ಕುಗ್ಗುತ್ತದೆ, ಆದರೆ ವಾಪಸ್ ಬರುವಾಗ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ದಮ್ಮು ಕೆಲವೇ ವಾರಗಳಲ್ಲಿ ಬರುತ್ತದೆ, ಸ್ನಾಯುವೂ ಅದರ ಹಿಂದೆಯೇ ಬರುತ್ತದೆ. ಹಿಮ್ಮಡಿಯ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹಗ್ಗದಂಥದ್ದು) ಮತ್ತು ಕಾಲಿನ ಮೂಳೆ ಗಟ್ಟಿಯಾಗುವುದಕ್ಕೆ ತಿಂಗಳುಗಳೇ ಬೇಕು. ಹಾಗಾಗಿ "ಈಗ ಆರಾಮಾಗಿ ಓಡ್ತಿದ್ದೀನಿ" ಅಂತ ಅನ್ನಿಸುವ ಹೊತ್ತಿನಲ್ಲೇ ಹುಷಾರಾಗಿರಬೇಕು. ಉಸಿರು ಹೂಂ ಅನ್ನುತ್ತಿರುತ್ತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ.

ದುಡ್ಡು, ಡಾಕ್ಟರು, ಫಿಸಿಯೋ ಎಲ್ಲ ಇದ್ದವರಿಗೂ ಇದು ತಪ್ಪಿಲ್ಲ. 2011ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ, ಅದೇ ಎನ್‌ಎಫ್‌ಎಲ್‌ನಲ್ಲಿ, ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ನಾಲ್ಕು ತಿಂಗಳಿಗೂ ಜಾಸ್ತಿ ತಂಡದ ತರಬೇತಿ ನಿಂತುಹೋಗಿತ್ತು. ಕ್ಯಾಂಪ್ ಶುರುವಾದ ಮೊದಲ 12 ದಿನದಲ್ಲೇ 10 ಜನರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಐಯೋವಾ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದ ಹುಡುಗರು ರಜೆ ಮುಗಿಸಿ ಬಂದಿದ್ದರು. ನಿನ್ನ ವಯಸ್ಸಿನವರೇ. ಬಂದ ಕೂಡಲೇ ಅವರಿಗೆ ಭಾರ ಹೊತ್ತು 100 ಸ್ಕ್ವಾಟ್, ಅಂದರೆ ಬಸ್ಕಿ, ಮಾಡಿಸಿದರು, ಅದೂ ಟೈಮ್ ಹಿಡಿದು. 13 ಜನ ಆಸ್ಪತ್ರೆ ಸೇರಿದರು. ಸ್ನಾಯು ಒಡೆದು ಅದರೊಳಗಿನದು ರಕ್ತಕ್ಕೆ ಸೇರಿದರೆ ಕಿಡ್ನಿಗೇ ಕುತ್ತು. ಯಾವತ್ತಾದರೂ ವಿಪರೀತ ವರ್ಕೌಟ್ ಆದ ಮೇಲೆ ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಹಾಸ್ಟೆಲಿನಲ್ಲಿ ನೀರು ಕುಡಿದು ಮಲಗಬೇಡ, ಆಗಲೇ ಆಸ್ಪತ್ರೆಗೆ ಹೋಗು.

ಆ ಮೇಲೆ ಅಲ್ಲಿನ ಕಾಲೇಜು ಕೋಚ್‌ಗಳು ಸೇರಿ 2019ರಲ್ಲಿ ಒಂದು ಲೆಕ್ಕ ಕೊಟ್ಟರು. ಗ್ಯಾಪ್ ಆದ ಮೇಲೆ ಮೊದಲ ವಾರ ಓಟದಲ್ಲಿ ಅರ್ಧ ಕಡಿಮೆ, ಎರಡನೇ ವಾರ ನೂರಕ್ಕೆ 30 ಕಡಿಮೆ, ಆಮೇಲೆ 20, ಆಮೇಲೆ 10. ಅಂದರೆ ನೀನು ಜ್ವರಕ್ಕೆ ಮುಂಚೆ ಒಂದೇ ಓಟವನ್ನು 10 ಸಲ (10 ರಿಪಿಟೇಶನ್) ಹೊಡೆಯುತ್ತಿದ್ದರೆ ಈಗ 5, ಆಮೇಲೆ 7, 8, 9. ಮೊದಲ ವಾರ ಒಂದು ನಿಮಿಷ ಓಡಿದರೆ ನಾಲ್ಕು ನಿಮಿಷ ವಿಶ್ರಾಂತಿ. ಇದು ಕಾಯಿಲೆಯಿಲ್ಲದೆ ಬರೀ ಗ್ಯಾಪ್ ಆಗಿ ಬಂದವರಿಗೆ. ನಿನಗೆ ಡೆಂಗಿ ಬೇರೆ ಆಗಿದೆ, ಅದರ ಸುಸ್ತು ವಾರಗಟ್ಟಲೆ ಕಾಡುತ್ತದೆ. ಪ್ಲೇಟ್‌ಲೆಟ್ ಏರಿತು ಅಂದ ಮಾತ್ರಕ್ಕೆ ದೇಹ ತಯಾರು ಅಂತ ತಿಳಿಯಬೇಡ. ಡಾಕ್ಟರನ್ನು ಕೇಳಿ, ಅವರು ಸರಿ ಅಂದ ಮೇಲೆ ಈ ಲೆಕ್ಕ ಶುರು ಮಾಡು. ಓಡುವಾಗ ಎದೆ ನೋವು ಬಂದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸು.

ಇನ್ನು ಕಾಲಿನ ನೋವು. ಮೂಳೆಯ ಒಳಬದಿಗೆ ಉದ್ದಕ್ಕೆ ನೋಯುತ್ತಿದೆಯಾ, ಇಲ್ಲಾ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುರ್ ಅನ್ನುತ್ತದೆಯಾ ನೋಡು. ಒಂದೇ ಜಾಗದಲ್ಲಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಓಟ ಪೂರ್ತಿ ಬಿಟ್ಟು ಮೂಳೆ ಡಾಕ್ಟರಿಗೆ ತೋರಿಸು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, ಹಾಗಾಗಿ "ಎಕ್ಸ್‌ರೇ ನಾರ್ಮಲ್" ಅಂತ ಮರುದಿನವೇ ಸ್ಪೈಕ್ಸ್ (ಓಟದ ಮುಳ್ಳಿನ ಶೂ) ಹಾಕಬೇಡ. ಇನ್ನೊಂದು ಮಾತು, ನಾಚಿಕೊಳ್ಳದೆ ಉತ್ತರ ಕೊಡು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯಾ? ಓಡುವ ಹುಡುಗಿಯರಿಗೆ ಅದು ನಿಂತರೆ ಒಳ್ಳೆಯದೇ ಅಂದುಕೊಳ್ಳುವವರಿದ್ದಾರೆ. ಊಟ ಸಾಲದೆ ಹಾಗಾದರೆ ಮೂಳೆಯೂ ಸವೆಯುತ್ತದೆ. ಮೆಸ್ಸಿನ ಅನ್ನ ಸಾರು ಒಂದೇ ಸಾಲದು, ಮೊಟ್ಟೆ, ಹುರುಳಿಕಾಳು, ರಾಗಿ, ಹಾಲು ಬೇಕು. ದುಡ್ಡು ನಾನು ಹಾಕುತ್ತೇನೆ, ಅಪ್ಪನನ್ನು ಕೇಳಬೇಡ.

ಮೆಟ್ಟಿಲು ಸದ್ಯ ಬೇಡ. ಇಳಿಯುವಾಗಲೇ ಮಂಡಿಗೂ ತೊಡೆಗೂ ಏಟು ಜಾಸ್ತಿ. ನೋವು ಹೋದ ಮೇಲೆ ಹುಲ್ಲಿನ ಮೇಲೆ, ಮಾಮೂಲಿ ಶೂ ಹಾಕಿ ನಿಧಾನವಾಗಿ ಶುರು ಮಾಡು. ಪೂರ್ತಿ ಸ್ಪೀಡು ಕೊನೆಗೆ ಬರಲಿ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹಿಡಿಯುವುದು ಜಾಸ್ತಿ ಆ ಸ್ಪೀಡಿನಲ್ಲೇ. ಫಿಸಿಯೋ ಒಪ್ಪಿದ ಮೇಲೆ ವಾರಕ್ಕೆ ಎರಡು ಸಲ ಮಂಡಿಯೂರಿ, ರೂಂಮೇಟ್ ಹಿಮ್ಮಡಿ ಹಿಡಿದುಕೊಂಡಿರಲಿ, ಮೈ ನೆಟ್ಟಗಿಟ್ಟು ನಿಧಾನ ಮುಂದಕ್ಕೆ ವಾಲು. ನಾಲ್ಕೈದು ಸಲ ಸಾಕು. ಮೊದಲು ತೊಡೆಯ ಹಿಂದೆ ನೋಯುತ್ತದೆ, ಅದು ಸರಿಯೇ.

ಇಂಟರ್ ಕಾಲೇಜ್ ಸೆಲೆಕ್ಷನ್ ತಪ್ಪಿಹೋಗುತ್ತದೆ ಅಂತ ನಿನಗೆ ಸಂಕಟ, ಗೊತ್ತು. ತಪ್ಪಿದರೆ ತಪ್ಪಲಿ ಪುಟ್ಟಿ. ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಓಡಿಬಿಡೋಣ ಅಂತ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡ. ನಿಮ್ಮ ಪಿಇ ಸರ್‌ಗೆ ಈ ನಾಲ್ಕು ವಾರದ ಲೆಕ್ಕ ತೋರಿಸು. ಹೇಳುವುದಕ್ಕೆ ಹೆದರಿಕೆಯಾದರೆ ಅವರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ. ಡಾಕ್ಟರು ಏನಂದರು ಅಂತ ಅವತ್ತೇ ಸಂಜೆ ವಾಟ್ಸಾಪ್ ಮಾಡು.

ನಿನ್ನ ದೊಡ್ಡಮ್ಮ